ಬಳ್ಳಾರಿ ರಸ್ತೆಯಲ್ಲಿ ಬಳ್ಳಾರಿಗೆ

ಬ್ಯಾಟರಾಯನಪುರದವರಿಬ್ಬರು ಬಳ್ಳಾರಿಯ ಒಂದು ಮದುವೆಗೆ ಒಂದೇ ಕಾರಿನಲ್ಲಿ ಹೊರಟಿದ್ದಾರೆ. ಇಬ್ಬರಿಗೂ ಅರವತ್ತರ ಆಸುಪಾಸು. ಒಬ್ಬ ರಸ್ತೆಯ ಮೂಡಲ ಮಗ್ಗುಲಿನವನು, ಅಮೃತಹಳ್ಳಿ, ಜಕ್ಕೂರಿನ ಕಡೆ. ಇನ್ನೊಬ್ಬ ಪಡುವಲ ಮಗ್ಗುಲಿನವನು, ಕೊಡಿಗೇಹಳ್ಳಿ ಕಡೆ. ಒಂದನೇ ಕ್ಲಾಸಿನಿಂದ ಒಟ್ಟಿಗೆ ಬೆಳೆದವರು ಇಪ್ಪತ್ತು ವರ್ಷಕ್ಕೂ ಹೆಚ್ಚಾಗಿ ಮಾತು ಬಿಟ್ಟಿದ್ದಾರೆ. ಮದುವೆ ಮನೆಯವನು ಇಬ್ಬರಿಗೂ ಶಾಲೆಯ ಗೆಳೆಯ, ತೋರಣಗಲ್ಲಿಗೆ ಕೆಲಸಕ್ಕೆ ಹೋಗಿ ಅಲ್ಲೇ ನೆಲೆನಿಂತವನು. ಅವನು ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ‘ಕಾರಲ್ಲಿ ಇನ್ನೊಬ್ಬರು ಇರ್ತಾರೆ’ ಎಂದಷ್ಟೇ ಹೇಳಿದ್ದ.

ಪಡುವಲವ: ಎ.ಸಿ. ಹಾಕ್ಲಾ, ಗ್ಲಾಸ್ ಇಳಿಸ್ಲಾ?

ಮೂಡಲವ: ನಿನ್ ಗಾಡಿ, ನಿನ್ನಿಷ್ಟ.

(ಸಾದಹಳ್ಳಿ ಟೋಲ್ ದಾಟುವ ತನಕ ಇದಕ್ಕಿಂತ ಹೆಚ್ಚಿನ ಮಾತಿಲ್ಲ. ಫಾಸ್ಟ್ಯಾಗ್ ಬಂದಮೇಲೆ ಟೋಲಿನಲ್ಲಿ ಚಿಲ್ಲರೆ ಹುಡುಕುವ ಕೆಲಸವೂ ತಪ್ಪಿದೆ. ಮೊದಲಾಗಿದ್ದರೆ ‘ಹತ್ತು ರೂಪಾಯಿ ಇದೆಯಾ’ ಅಂತಾದರೂ ಒಬ್ಬರನ್ನೊಬ್ಬರು ಕೇಳಬೇಕಿತ್ತು.)

ಮೂಡಲವ: ಹಿರಿಯೂರು, ಚಳ್ಳಕೆರೆ ಮೇಲೆ ಹೋಗ್ತೀಯ ಅಂದ್ಕೊಂಡಿದ್ದೆ. ಈಗ ಬಳ್ಳಾರಿಗೆ ಬಹಳ ಜನ ಅಲ್ಲೇ ಹೋಗೋದು.

ಪಡುವಲವ: ಫೋನೂ ಅದನ್ನೇ ತೋರಿಸ್ತು. ನಾನೇ ಬೇಡ ಅಂದೆ. ಹುಟ್ಟಿದಾಗಿಂದ ಬಳ್ಳಾರಿ ರೋಡಿನ ಪಕ್ಕದಲ್ಲಿದ್ದು, ಈ ರೋಡಲ್ಲಿ ಒಂದು ಸಲನಾದ್ರೂ ಬಳ್ಳಾರಿ ಮುಟ್ಟದೆ ಸಾಯೋದಾ?

ಮೂಡಲವ: ಬಳ್ಳಾರಿ ರೋಡ್ ಅಂತ ಈಗ ಯಾರಂತಾರೆ? ನನ್ನ ಮೊಮ್ಮಗನನ್ನ ಕೇಳು, ಏರ್‌ಪೋರ್ಟ್ ರೋಡ್ ಅಂತಾನೆ. 2008ರ ಮೇ ತಿಂಗಳಲ್ಲಿ ದೇವನಹಳ್ಳೀಲಿ ವಿಮಾನ ಇಳಿಯೋಕೆ ಶುರುವಾಯ್ತು ನೋಡು, ಅವತ್ತಿಂದ ಬಳ್ಳಾರಿ ಬರೀ ಬೋರ್ಡಲ್ಲಿ ಉಳೀತು.

ಪಡುವಲವ: ನಮ್ಮಜ್ಜ ಹೇಳ್ತಿದ್ದ. ಬೆಂಗಳೂರಲ್ಲೂ ಇಂಗ್ಲಿಷರ ದಂಡು, ಬಳ್ಳಾರೀಲೂ ದಂಡು, ಈ ದಂಡಿಂದ ಆ ದಂಡಿಗೆ ಪಟಾಲಮ್ಮು ಓಡಾಡಿದ ದಾರಿ ಇದು ಅಂತ. ಆಗ ಬಳ್ಳಾರಿ ನಮ್ಮದಲ್ಲ, ಮದ್ರಾಸಿನದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ತಾನೆ ಬಳ್ಳಾರಿ ಮೈಸೂರಿಗೆ ಬಂದದ್ದು.

ಮೂಡಲವ: ಅದೂ ಸಲೀಸಾಗಿ ಬಂತಾ? ಬಳ್ಳಾರಿ ತಾಲ್ಲೂಕು ನಮಗೆ ಬೇಕು ಅಂತ ಅವರು, ನಮಗೆ ಬೇಕು ಅಂತ ಇವರು. ಹೈದರಾಬಾದಿನ ಚೀಫ್ ಜಸ್ಟೀಸ್ ಎಲ್. ಎಸ್. ಮಿಶ್ರಾ ಅವರನ್ನ ಕೂರಿಸಿ ವಿಚಾರಣೆ ಮಾಡಿಸಿದ್ರು. ಅವರು ಬಂದು, ಜನರನ್ನ ಕೇಳಿ, ಬಳ್ಳಾರಿ ಮೈಸೂರಿಗೆ ಅಂದ್ರು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಅಷ್ಟು ದೊಡ್ಡ ಜಗಳ ಕೆಲವೇ ತಿಂಗಳಲ್ಲಿ ಮುಗೀತು.

ಪಡುವಲವ: ನಮ್ಮದಕ್ಕೂ ಒಬ್ಬ ಜಡ್ಜ್ ಬೇಕಿತ್ತು ಅಂತೀಯ?

ಮೂಡಲವ: ನಾನು ಬಳ್ಳಾರಿ ವಿಷಯ ಹೇಳಿದೆ.

(ದೇವನಹಳ್ಳಿ ಎಡಕ್ಕೋ ಬಲಕ್ಕೋ ಗೊತ್ತಾಗದಂತೆ ಹೋಯಿತು. ಚಕ್ಕೋತ ಮಾರುವವರು ಒಬ್ಬಿಬ್ಬರು ಕಂಡರು. ಹೆಸರುವಾಸಿ ಹಣ್ಣು, ಭೌಗೋಳಿಕ ಗುರುತಿನ ಪಟ್ಟವೂ ಇದೆ, ತೋಟಗಳು ಮಾತ್ರ ಈಗ ಹುಡುಕಿದರೆ ಸಿಗಬೇಕು.)

ಪಡುವಲವ: ಬಾಡಿಗೆ ಸೈಕಲ್ ತಗೊಂಡು ಬಳ್ಳಾರಿಗೆ ಅಂತ ಹೊರಟಿದ್ವಲ್ಲ, ಎಲ್ಲಿಗೆ ಬಂದಿದ್ವಿ?

ಮೂಡಲವ: ಚಿಕ್ಕಜಾಲ. ಕೋಟೆ ಗೋಡೆ ನೆರಳಲ್ಲಿ ಕೂತು ನೀನು ಅತ್ತೆ.

ಪಡುವಲವ: ಅತ್ತಿದ್ದು ನೀನು. ಚೈನ್ ಕಳಚಿತ್ತು, ಸೈಕಲ್ ಅಂಗಡಿಯವನು ಹೊಡೀತಾನೆ ಅಂತ.

ಮೂಡಲವ: ಚೈನ್ ಕಳಚಿದ್ದು ನಿನ್ನ ಸೈಕಲ್‌ದು.

ಪಡುವಲವ: ಒಂದೇ ಸೈಕಲ್ ಇದ್ದದ್ದು! ಇಬ್ಬರಿಗೂ ಸೇರಿ ಒಂದೇ ಬಾಡಿಗೆ ಕೊಡೋ ಯೋಗ್ಯತೆ ನಮ್ಮದು.

ಮೂಡಲವ: ಹೂಂ. ಒಂದೇ ಇತ್ತು. ಡಬಲ್ ತುಳಿದಿದ್ವಿ.

ಪಡುವಲವ: ಮೈಲಿಗಲ್ಲು ನೋಡಿಕೊಂಡು ಹೋದರೆ ಸಾಕು, ದಾರಿ ಕೇಳೋದೇ ಬೇಡ ಅಂತ ನಿನ್ನ ಐಡಿಯಾ. ಮೇಷ್ಟ್ರು ಹೇಳಿದ್ರಲ್ಲ, ನಮ್ಮೂರ ಮುಂದಿನ ರಸ್ತೆ ಕಾಶಿಯಿಂದ ಕನ್ಯಾಕುಮಾರಿಗೆ ಹೋಗುತ್ತೆ ಅಂತ. ಆಗ ಅದು 7ನೇ ನಂಬರ್ ಹೆದ್ದಾರಿ. ಈಗ 44, ಶ್ರೀನಗರದಿಂದ ಬರುತ್ತೆ. ನಾವು ಅದರಲ್ಲಿ ಚಿಕ್ಕಜಾಲದ ತನಕ ಸಾಧಿಸಿದ್ವಿ.

ಮೂಡಲವ: ಆಗ ಈ ರಸ್ತೆ ದಾಟೋದು ಅಂದ್ರೆ ಏನಿತ್ತು ಹೇಳು. ನಿಮ್ಮಮ್ಮ ಆ ಕಡೆ ನಿಂತು ‘ಉಪ್ಸಾರು ಮಾಡಿದೀನಿ ಬಾರೋ’ ಅಂತ ಕೂಗಿದ್ರೆ ನಮ್ಮನೆ ಜಗುಲಿಗೆ ಕೇಳ್ತಿತ್ತು. ಒಂದು ಲಾರಿ ಬಂತಾ, ನಿಂತ್ಕೋ. ಹೋಯ್ತಾ, ಓಡು.

ಪಡುವಲವ: ಈಗ ಕೂಗಿದ್ರೆ ಸರ್ವಿಸ್ ರೋಡಿಗೂ ಕೇಳಲ್ಲ.

ಮೂಡಲವ: ಅದೇ ನಾನು ಹೇಳೋಕೆ ಹೊರಟಿದ್ದು. ನಮ್ಮದು ದುಡ್ಡಿನ ಜಗಳ, ಜಮೀನಿನ ಜಗಳ ಅಂತ ಊರೆಲ್ಲ ಅಂತು. ನಾನೂ ಹಾಗೇ ಅಂದ್ಕೊಂಡಿದ್ದೆ. ಈಗ ಅನ್ಸುತ್ತೆ, ಅದು ಆರು ತಿಂಗಳ ಜಗಳ. ಅದನ್ನ ಇಪ್ಪತ್ತು ವರ್ಷ ಸಾಕಿದ್ದು ಈ ರೋಡು.

ಪಡುವಲವ: ರೋಡ್ ಏನ್ ಮಾಡ್ತಪ್ಪ ಪಾಪ?

ಮೂಡಲವ: ನೆನಪು ಮಾಡ್ಕೋ. 2003ರಲ್ಲಿ ಹೆಬ್ಬಾಳದ ಫ್ಲೈಓವರ್ ಆಯ್ತು. ಆಮೇಲೆ ಏರ್‌ಪೋರ್ಟಿಗೆ ಅಂತ ಅಗಲ ಮಾಡಿದ್ರು, ಸಾಲುಮರ ಹೋದವು, ಮಧ್ಯಕ್ಕೆ ಗೋಡೆ ಬಂತು. ಆಮೇಲೆ ಮೇಲೆ ಇನ್ನೊಂದು ರೋಡು. ಈಗ ಮೆಟ್ರೋ ಕಂಬ. ನಾವಿಬ್ಬರೂ ಮಾತು ಬಿಟ್ಟಿದ್ದೂ ಅದೇ ಕಾಲ. ನಿಮ್ಮನೆ ಕಾಂಪೌಂಡ್ ನಮ್ಮ ಟೆರೇಸಿಂದ ಕಾಣುತ್ತೆ. ಕಾರಲ್ಲಿ ಬರಬೇಕಂದ್ರೆ ಯೂಟರ್ನ್ ಹುಡುಕಬೇಕು. ಸ್ಕೈವಾಕ್ ಹತ್ತೋಣ ಅಂದ್ರೆ ಮಂಡಿ ಕೇಳಲ್ಲ. ಕೋಪ ಇಳಿದ ದಿನಾನೂ, ‘ನಾಳೆ ನೋಡೋಣ’ ಅನ್ನಿಸ್ತಿತ್ತು.

ಪಡುವಲವ: ಮಂಡಿ ನೋವಿಗೆ ಮಾತು ಬಿಟ್ಟೆ ಅಂತೀಯ.

ಮೂಡಲವ: ನಗಬೇಡ. ನನ್ನ ಮಗಳು ಪ್ಲಾನಿಂಗ್ ಓದಿದಾಳೆ, ಅವಳು ತೋರಿಸಿದ್ಲು. ಅಮೆರಿಕದಲ್ಲಿ ಡೊನಾಲ್ಡ್ ಆಪಲ್ಯಾರ್ಡ್ ಅಂತ ಒಬ್ಬ ಪ್ರೊಫೆಸರ್ ಇದ್ದ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಒಂದೇ ಥರದ ಮೂರು ಬೀದಿ ಆರಿಸಿಕೊಂಡ. ಒಂದರಲ್ಲಿ ದಿನಕ್ಕೆ 2,000 ಗಾಡಿ, ಒಂದರಲ್ಲಿ 8,000, ಇನ್ನೊಂದರಲ್ಲಿ 16,000. ಮನೆ ಮನೆಗೆ ಹೋಗಿ, ‘ಈ ಬೀದೀಲಿ ನಿಮಗೆ ಎಷ್ಟು ಜನ ಸ್ನೇಹಿತರು’ ಅಂತ ಕೇಳಿದ. ಗಾಡಿ ಕಡಿಮೆ ಇದ್ದ ಬೀದೀಲಿ ಒಬ್ಬೊಬ್ಬರಿಗೆ ಸರಾಸರಿ ಮೂರು ಜನ. ಗಾಡಿ ಜಾಸ್ತಿ ಇದ್ದ ಬೀದೀಲಿ ಒಬ್ಬರೂ ಪೂರ್ತಿ ಇಲ್ಲ, 0.9. ಯಾರು ಯಾರ ಮನೆಗೆ ಹೋಗ್ತಾರೆ ಅಂತ ಮ್ಯಾಪಲ್ಲಿ ಗೆರೆ ಎಳೆದಿದಾನೆ. ಗಾಡಿ ಕಡಿಮೆ ಇರೋ ಬೀದೀಲಿ ಈ ಕಡೆಯಿಂದ ಆ ಕಡೆಗೆ ಗೆರೆಗಳ ಬಲೆ. ಇನ್ನೊಂದರಲ್ಲಿ ರಸ್ತೆ ದಾಟಿದ ಗೆರೆ ಬೆರಳೆಣಿಕೆ.

ಪಡುವಲವ: 16,000ಕ್ಕೇ ಹಾಗಾ? ನಮ್ಮ ರೋಡು ತೋರಿಸಿದ್ರೆ ಏನಂತಿದ್ದನೋ.

ಮೂಡಲವ: 1981ರಲ್ಲಿ ಪುಸ್ತಕ ಬರೆದ. ಮಾರನೇ ವರ್ಷ ಅಥೆನ್ಸ್ ನಗರದಲ್ಲಿ ಕಾರು ಡಿಕ್ಕಿ ಹೊಡೆದು ಸತ್ತ.

ಪಡುವಲವ: ಅಯ್ಯೋ ಪಾಪ.

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಚಿಕ್ಕಬಳ್ಳಾಪುರ ಹತ್ತಿರವಾದಂತೆ ಎಡಕ್ಕೆ ನಂದಿಯ ಬೆಟ್ಟಸಾಲು, ಕೆಳಗೆ ದ್ರಾಕ್ಷಿ ಚಪ್ಪರ. ಕಾರಿನ ಮಾತಿಗೆ ಒಂದು ಅನುಕೂಲವಿದೆ: ಇಬ್ಬರ ಕಣ್ಣೂ ರಸ್ತೆಯ ಮೇಲಿರುತ್ತವೆ, ಎದುರಾಬದುರು ಕೂತರೆ ಬಾಯಿಗೆ ಬಾರದ್ದು ಹೀಗೆ ಪಕ್ಕಪಕ್ಕದಲ್ಲಿ ಕೂತಾಗ ಬರುತ್ತದೆ. ಅದನ್ನು ಶುರುಮಾಡಿಸಿದ್ದು ಈ ಚಪ್ಪರ.)

ಪಡುವಲವ: ನಿಮ್ಮಪ್ಪ ಹಾಕಿದ್ದದ್ದೂ ಇದೇ ತಾನೆ, ಬೆಂಗಳೂರು ಬ್ಲೂ.

ಮೂಡಲವ: ಇದೇ. ಕಪ್ಪು ದ್ರಾಕ್ಷಿ, ಬೀಜದ್ದು. ಬೋರ್‌ವೆಲ್ ನೀರು ಕೊಡೋ ತನಕ ಚೆನ್ನಾಗಿತ್ತು. ಮೂರನೇ ಬೋರೂ ಬತ್ತಿದಾಗ ಅಪ್ಪ ಬಾಗಿದ. ಅದೇ ಹೊತ್ತಿಗೆ ನೀನು ಬಂದೆ.

ಪಡುವಲವ: ಬಂದೆ. ಹೇಳು, ಪೂರ್ತಿ ಹೇಳು. ಇಪ್ಪತ್ತು ವರ್ಷದಿಂದ ಬೇರೆಯವರ ಬಾಯಲ್ಲಿ ಕೇಳಿದೀನಿ.

ಮೂಡಲವ: ‘ಬಿಡಿಎ ಬರುತ್ತೆ, ನೋಟಿಫಿಕೇಷನ್ ಬಿದ್ದರೆ ಸರ್ಕಾರ ಕೊಟ್ಟಷ್ಟೇ, ಈಗಲೇ ಮಾರಿಬಿಡಿ, ಪಾರ್ಟಿ ನಾನು ತರ್ತೀನಿ’ ಅಂದೆ. ಅಪ್ಪ ಹೆಬ್ಬೆಟ್ಟು ಒತ್ತಿದ. ಎರಡು ವರ್ಷಕ್ಕೆ ಅದೇ ಜಮೀನು ಸೈಟಾಗಿ ಹೋಯ್ತು. ಗುಂಟೆಗೆ 1,089 ಚದರಡಿ, ಒಂದು ಥರ್ಟಿ-ಫಾರ್ಟಿ ಸೈಟಿಗೂ ಸಾಲಲ್ಲ. ಅಪ್ಪ ಮಾರಿದ್ದು ಗುಂಟೆ ಲೆಕ್ಕದಲ್ಲಿ. ಅವರು ಮಾರಿದ್ದು ಅಡಿ ಲೆಕ್ಕದಲ್ಲಿ.

ಪಡುವಲವ: ನೋಟಿಫಿಕೇಷನ್ ಬರಲಿಲ್ವಾ? 2003ರ ಫೆಬ್ರವರೀಲಿ ಬಂತೋ ಇಲ್ವೋ? ಅರ್ಕಾವತಿ ಬಡಾವಣೆ ಅಂತ 16 ಹಳ್ಳಿ. ಜಕ್ಕೂರು, ಅಮೃತಹಳ್ಳಿ, ರಾಚೇನಹಳ್ಳಿ, ಸಂಪಿಗೆಹಳ್ಳಿ, ಥಣಿಸಂದ್ರ... ಮೂರು ಸಾವಿರ ಎಕರೆಗೂ ಮೇಲೆ. ಪೇಪರಲ್ಲಿ ಸರ್ವೆ ನಂಬರ್ ಹುಡುಕಿಕೊಂಡು ಎಷ್ಟು ಜನ ನಮ್ಮನೆ ಬಾಗಿಲಿಗೆ ಬಂದಿದ್ರು ಗೊತ್ತಾ? ಮಾರಿದವರು ‘ಯಾಕೆ ಮಾರಿದೆ’ ಅಂತ ಅತ್ತರು, ಮಾರದೇ ಇದ್ದವರು ‘ಯಾಕೆ ಮಾರಲಿಲ್ಲ’ ಅಂತ ಅತ್ತರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 2010ರಲ್ಲಿ ತೀರ್ಪಾಯ್ತು. ಅದಾದ ಮೇಲೂ ಡಿನೋಟಿಫಿಕೇಷನ್ ಗಲಾಟೆ. 2014ರಲ್ಲಿ ಅದಕ್ಕೆ ಅಂತಲೇ ಜಸ್ಟೀಸ್ ಕೆಂಪಣ್ಣ ಕಮಿಷನ್ ಮಾಡಬೇಕಾಯ್ತು. ನಿಮ್ಮಪ್ಪ ಅದರೊಳಗೆ ಸಿಕ್ಕಿಕೊಂಡು ಕೋರ್ಟಿಗೆ ಅಲೆಯೋದನ್ನ ನಾನು ತಪ್ಪಿಸಿದೆ ಅಂತ ಇವತ್ತಿಗೂ ಅಂದ್ಕೊಂಡಿದೀನಿ.

ಮೂಡಲವ: ಕಮಿಷನ್ ಅಂದೆಯಲ್ಲ, ಆ ಮಾತೇ ಕೇಳ್ತೀನಿ. ಕೆಂಪಣ್ಣ ಕಮಿಷನ್ ಅಲ್ಲ, ನಿನ್ನ ಕಮಿಷನ್. ಎರಡೂ ಕಡೆಯಿಂದ ತಗೊಂಡೆಯಂತೆ.

ಪಡುವಲವ: ಕೊಂಡವರ ಕಡೆಯಿಂದ ತಗೊಂಡೆ. ನಿಮ್ಮಪ್ಪನಿಂದ ಒಂದು ಕಾಫಿ ಕುಡಿದಿಲ್ಲ. ತಗೊಂಡಿದ್ದು ನಿಮ್ಮಪ್ಪನಿಗೆ ಗೊತ್ತಿತ್ತು. ಅಗ್ರಿಮೆಂಟ್ ದಿನ ಅವರ ಮುಂದೇನೇ ಪಾರ್ಟಿಯವರು ಕೈಗಿಟ್ಟರು.

ಮೂಡಲವ: ಅಪ್ಪ ನನಗೆ ಹಾಗೆ ಹೇಳಲಿಲ್ಲ.

ಪಡುವಲವ: ಏನಂತ ಹೇಳಿದ್ರು?

ಮೂಡಲವ: ‘ನಿನ್ನ ಸ್ನೇಹಿತ ನಂಬಿಸಿದ’ ಅಂತ. ಅಷ್ಟೇ. ಸಾಯೋ ತನಕ ಅಷ್ಟೇ.

ಪಡುವಲವ: ಆ ವರ್ಷ ನಿಮ್ಮ ಅಕ್ಕನ ಮದುವೆ ಸಾಲ, ಬೋರ್‌ವೆಲ್ ಸಾಲ ಎಲ್ಲಾ ಸೇರಿತ್ತು. ಮಾರಲೇಬೇಕಿತ್ತು ಕಣಯ್ಯ. ಮಗನ ಮುಂದೆ ‘ಸಾಲಕ್ಕೆ ಮಾರಿದೆ’ ಅನ್ನೋದಕ್ಕಿಂತ ‘ನಂಬಿಸಿ ಮಾರಿಸಿದ’ ಅನ್ನೋದು ಸುಲಭ.

ಮೂಡಲವ: ಸತ್ತವರ ಮೇಲೆ ಹಾಕಬೇಡ.

ಪಡುವಲವ: ಹಾಕ್ತಿಲ್ಲ. ಬದುಕಿದ್ದಾಗ ನೀನೇ ಕೇಳಬಹುದಿತ್ತು. ನನ್ನನ್ನೂ ಕೇಳಬಹುದಿತ್ತು.

(ಬಾಗೇಪಲ್ಲಿ ದಾಟಿ ಟೀ ಅಂಗಡಿ. ರಾಜ್ಯ ಇನ್ನೂ ಕರ್ನಾಟಕವೇ, ಅಂಗಡಿಯವನ ಮಾತು ಆಗಲೇ ತೆಲುಗು. ಇಬ್ಬರೂ ತೆಲುಗಿನಲ್ಲೇ ಟೀ ಹೇಳಿದರು. ಯಲಹಂಕ, ದೇವನಹಳ್ಳಿ ಸೀಮೆಯ ಹಳಬರಿಗೆ ಇದೇನು ಕಷ್ಟವಲ್ಲ. ದುಡ್ಡು ಕೊಡಲು ಇಬ್ಬರೂ ಜೇಬಿಗೆ ಕೈಹಾಕಿದರು. ಅಂಗಡಿಯವನು ಮೊದಲು ಸ್ಕ್ಯಾನ್ ಆದ ಫೋನಿನದನ್ನು ತೆಗೆದುಕೊಂಡ. ಇಲ್ಲಿಂದ ಮೂಡಲವ ಸ್ಟಿಯರಿಂಗ್ ಹಿಡಿದ.)

ಪಡುವಲವ: ನಿನ್ನ ಪ್ರೊಫೆಸರ್ ಮಾತಿಗೆ ಬರ್ತೀನಿ. ನಾನು ಒಪ್ಪಲ್ಲ. ರಸ್ತೆ ಅಗಲ ಇಲ್ಲದ ಕಡೆ ಜನ ಮಾತು ಬಿಡಲ್ವಾ? ಒಂದೇ ಮನೇಲಿ ಮೇಲೆ ಅಣ್ಣ, ಕೆಳಗೆ ತಮ್ಮ, ಎರಡು ಕರೆಂಟ್ ಮೀಟರ್, ಮುಖ ಮುಖ ನೋಡಲ್ಲ. ನಮ್ಮೂರಲ್ಲೇ ಎಷ್ಟು ಬೇಕು?

ಮೂಡಲವ: ಅವರು ಮಾತು ಬಿಟ್ಟಿರಬಹುದು, ಆದ್ರೆ ದಿನಾ ನೋಡ್ತಾರೆ. ಅಣ್ಣ ಕುಂಟುತ್ತಾ ಮೆಟ್ಟಿಲು ಹತ್ತೋದು ತಮ್ಮನಿಗೆ ಕಾಣುತ್ತೆ. ನಿನಗೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದು ನನಗೆ ಗೊತ್ತಾದದ್ದು ಎರಡು ವರ್ಷ ಆದಮೇಲೆ, ಈ ಮದುವೆ ಮನೆಯವನು ಬಳ್ಳಾರಿಯಿಂದ ಫೋನ್ ಮಾಡಿ ಹೇಳಿದಾಗ. ರಸ್ತೆ ಆ ಕಡೆಯ ಸುದ್ದಿ ಬಳ್ಳಾರಿಗೆ ಹೋಗಿ ನಮ್ಮನೆಗೆ ಬಂತು!

ಪಡುವಲವ: ಹೂಂ... ಅದು ಸರಿ.

ಮೂಡಲವ: ನಮ್ಮ ತಾತ ನಿಮ್ಮ ತಾತ ಬದುವಿಗೆ ಹೊಡೆದಾಡಿದ್ರಲ್ಲ? ಕೋರ್ಟಿನಲ್ಲಿ ಕೇಸಿತ್ತು. ಆದ್ರೂ ಊರಹಬ್ಬಕ್ಕೆ ಎರಡು ಮನೆಯ ತಂಬಿಟ್ಟಿನ ಆರತೀನೂ ಒಂದೇ ಸಾಲಲ್ಲಿ ಹೋಗ್ತಿತ್ತು. ‘ಅವರ ಮನೆ ಆರತಿ ಬಂತಾ’ ಅಂತ ಕೇಳಿಯೇ ಪೂಜಾರಿ ಮಂಗಳಾರತಿ ಎತ್ತುತ್ತಿದ್ದ. ಕೇಸು ಕೇಸಿನ ಪಾಡಿಗೆ, ಆರತಿ ಆರತಿ ಪಾಡಿಗೆ. ನಮಗೆ ಆ ಅನುಕೂಲ ಇರಲಿಲ್ಲ. ಪಂಚಾಯ್ತಿ ಹೋಗಿ ನಗರಸಭೆ ಆಯ್ತು, 2007ಕ್ಕೆ ಬಿಬಿಎಂಪಿಗೆ ಸೇರಿಸಿದ್ರು, ಈಗ ಅದನ್ನೂ ಒಡೆದು ಐದು ಪಾಲಿಕೆ ಮಾಡಿದಾರೆ. ಆರತಿಗೆ ಬರ್ತಿದ್ದವರು ಸೈಟ್ ಮಾರಿಕೊಂಡು ದೊಡ್ಡಬಳ್ಳಾಪುರದ ಕಡೆ ಹೋದ್ರು. ಹಬ್ಬ ಇವತ್ತಿಗೂ ಜೋರಾಗಿ ಆಗುತ್ತೆ, ಫ್ಲೆಕ್ಸ್ ಆಕಾಶ ಮುಟ್ಟುತ್ತೆ. ಯಾವ ಮನೆ ಆರತಿ ಬರಲಿಲ್ಲ ಅಂತ ಕೇಳೋರಿಲ್ಲ.

ಪಡುವಲವ: ನೀನು ಆ ಕಾಲಕ್ಕೆ ಬೆಳ್ಳಿ ಮುಲಾಮು ಹಚ್ಚುತ್ತಿದೀಯ. ಆ ಆರತಿ ಸಾಲಲ್ಲಿ ಯಾರು ಮುಂದೆ, ಯಾರು ಹಿಂದೆ, ಯಾರು ಬರಲೇಬಾರದು ಅಂತಲೂ ಇತ್ತು. ಕೇರಿಯವರ ಆರತಿ ಎಲ್ಲಿ ನಿಲ್ತಿತ್ತು ಹೇಳು? ನಮ್ಮ ತಾತಂದಿರನ್ನ ಊರು ಒಂದೇ ಸಾಲಲ್ಲಿ ನಿಲ್ಲಿಸ್ತು. ರಾಜಿಯಾದ್ರು ಅಂತ ನಿನಗೆ ಯಾರು ಹೇಳಿದ್ರು? ನಮ್ಮ ತಾತ ಕೊನೇ ಉಸಿರಿನ ತನಕ ನಿಮ್ಮ ತಾತನನ್ನ ಬೈದ.

ಮೂಡಲವ: ಬೈದ, ಸರಿ. ನಿಮ್ಮ ತಾತ ಸತ್ತಾಗ ಚಟ್ಟಕ್ಕೆ ಬಿದಿರು ಕಡಿದು ತಂದವರು ಯಾರು?

ಪಡುವಲವ: ...ನಿಮ್ಮ ತಾತ.

ಮೂಡಲವ: ನಮ್ಮಪ್ಪ ಹೋದಾಗ ನೀನು ಮಣ್ಣಿಗೂ ಬರಲಿಲ್ಲ.

(ಕೊಡಿಕೊಂಡ ಚೆಕ್‌ಪೋಸ್ಟ್. ಆಂಧ್ರ. ಇಲ್ಲಿ ತಿರುಗಿದರೆ ಹದಿನೈದು ಕಿಲೋಮೀಟರಿನೊಳಗೆ ಲೇಪಾಕ್ಷಿ. ಬೋರ್ಡು ಇಬ್ಬರಿಗೂ ಕಂಡಿತು, ಯಾರೂ ತಿರುಗಿಸು ಎನ್ನಲಿಲ್ಲ.)

ಪಡುವಲವ: ಬರಲಿಲ್ಲ.

ಮೂಡಲವ: ರೋಡ್ ಅಡ್ಡ ಬಂತಾ?

ಪಡುವಲವ: ಇಲ್ಲ. ಬೇಕಂತಲೇ ಬರಲಿಲ್ಲ. ಸುದ್ದಿ ಬೆಳಗ್ಗೆ ಏಳಕ್ಕೇ ಬಂತು. ಸ್ನಾನ ಮಾಡಿ, ಬಟ್ಟೆ ಹಾಕ್ಕೊಂಡು ಕೂತೆ. ‘ನಂಬಿಸಿ ಮಾರಿಸಿದವನು ಬಂದ’ ಅಂತ ಯಾರಾದ್ರೂ ಅಂದುಬಿಟ್ಟರೆ ಅಂತ ಯೋಚನೆ. ಆಮೇಲೆ ಅನ್ನಿಸ್ತು, ಅನ್ನಲಿ, ನಾನು ಹೋಗಲ್ಲ, ಅವರು ಸುಳ್ಳು ಹೇಳಿಯೇ ಸತ್ತರಲ್ಲ ಅಂತ. ಹಟ ಕಣೋ. ಹಟಕ್ಕೆ ಬರಲಿಲ್ಲ.

ಮೂಡಲವ: ಸರಿ.

ಪಡುವಲವ: ಏನ್ ಸರಿ?

ಮೂಡಲವ: ಏನಿಲ್ಲ. ರೋಡ್ ಕಾರಣ ಅಂತ ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ ಅಂತಾಯ್ತು. ಅಷ್ಟು ಸರಿ.

(ಇದಾದ ಮೇಲೆ ಪೆನುಕೊಂಡದ ತನಕ ಮಾತಿಲ್ಲ. ಲೇಪಾಕ್ಷಿಯ ಕತೆ ಇಬ್ಬರಿಗೂ ಗೊತ್ತಿದ್ದದ್ದೇ. ಅಚ್ಯುತರಾಯನ ಕಾಲದಲ್ಲಿ ಪೆನುಕೊಂಡದಿಂದ ಸೀಮೆ ಆಳುತ್ತಿದ್ದ ವಿರೂಪಣ್ಣ ಆ ಗುಡಿ ಕಟ್ಟಿಸಿದ. ಖಜಾನೆಯ ಹಣ ಕೇಳದೆ ಬಳಸಿದನೆಂಬ ದೂರು ರಾಯನಿಗೆ ಹೋಯಿತು. ಶಿಕ್ಷೆ ಬರುವ ಮೊದಲೇ ಅವನು ತನ್ನ ಕಣ್ಣು ತಾನೇ ಕಿತ್ತು ಗೋಡೆಗೆಸೆದನಂತೆ. ಗೋಡೆಯ ಕೆಂಪು ಕಲೆ ತೋರಿಸಿ ಗೈಡುಗಳು ಈಗಲೂ ಹೇಳುತ್ತಾರೆ. ಆ ಕತೆಯಲ್ಲಿ ನನ್ನನ್ನು ಕಾಡುವುದು ಬೇರೆ ವಿಷಯ: ಲೆಕ್ಕ ಏನಿತ್ತು, ಹಣ ಎಲ್ಲಿ ಹೋಯಿತು ಎಂದು ಕತೆ ಹೇಳುವುದೇ ಇಲ್ಲ. ಲೆಕ್ಕದ ಪುಸ್ತಕ ಬಿಚ್ಚುವುದಕ್ಕೆ ಮೊದಲೇ ಕಣ್ಣು ಹೋಯಿತು.)

ಮೂಡಲವ: ಅದೇನು ಅಷ್ಟು ದೊಡ್ಡ ಫ್ಯಾಕ್ಟರಿ?

ಪಡುವಲವ: ಕಿಯಾ. ಎರ್ರಮಂಚಿ ಹತ್ತಿರ. 2019ರಿಂದ ಕಾರು ಮಾಡ್ತಿದಾರೆ. ಅದಾದ ಮೇಲೆ ಈ ರೋಡಿನ ಪಕ್ಕ ಕೊರಿಯನ್ ಊಟದ ಬೋರ್ಡ್ ಕೂಡ ಬಂದಿದೆ ನೋಡು.

ಮೂಡಲವ: ಇಲ್ಲೂ ಯಾರದೋ ಕಡಲೆಕಾಯಿ ಹೊಲ ಇದ್ದಿರುತ್ತೆ.

ಪಡುವಲವ: ಇಲ್ಲೂ ಯಾವನೋ ಒಬ್ಬ ಸ್ನೇಹಿತ ಪಾರ್ಟಿ ಕರ್ಕೊಂಡು ಬಂದಿರ್ತಾನೆ.

(ಮೂಡಲವ ನಕ್ಕ. ಈ ಪ್ರಯಾಣದಲ್ಲಿ ಅವನು ನಕ್ಕದ್ದು ಇಲ್ಲಿ.)

ಮೂಡಲವ: ಒಂದು ಮಾತು ಹೇಳ್ತೀನಿ. ನಮ್ಮ ಕಡೆ ಜಮೀನು ಏರೋಕೆ ಮುಂಚೆ ಊರಲ್ಲಿ ಬ್ರೋಕರ್ ಅಂತ ಇದ್ದದ್ದು ಒಬ್ಬನೋ ಇಬ್ಬರೋ. ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟ್ ಮಾಡೋನು. ಏರಿದ ಮೇಲೆ ಎಲ್ಲರೂ ಬ್ರೋಕರ್. ಹೋಟೆಲಿನವನು, ಮೇಷ್ಟ್ರು, ಕಟಿಂಗ್ ಶಾಪಿನವನು. ಯಾರಾದ್ರೂ ‘ಊಟ ಆಯ್ತಾ’ ಅಂದ್ರೆ, ಪಹಣಿ ಕೇಳೋಕೆ ಬಂದನೇನೋ ಅಂತ ಅನುಮಾನ. ನಿನ್ನ ಮೇಲೆ ಅನುಮಾನ ಬಂದದ್ದು ನೀನು ಮಾಡಿದ್ದರಿಂದ ಅಂತ ಹೇಳೋಕಾಗಲ್ಲ. ಆ ಕಾಲಕ್ಕೆ ಎಲ್ಲರ ಮೇಲೂ ಬರ್ತಿತ್ತು.

ಪಡುವಲವ: ನಾನು ಆ ಕೆಲಸಕ್ಕೆ ಇಳಿದದ್ದೂ ಹಾಗೇ. ನನ್ನ ಹತ್ತಿರ ಮಾರೋಕೆ ಜಮೀನಿರಲಿಲ್ಲ. ನಮ್ಮಪ್ಪನ ಮೂರು ಎಕರೆ ಅಣ್ಣತಮ್ಮಂದಿರಲ್ಲಿ ಹಂಚಿ ನನಗೆ ಬಂದದ್ದು ಮನೆ ಕಟ್ಟೋವಷ್ಟು. ನಿಮ್ಮ ಕಡೆ ಎಲ್ಲರಿಗೂ ಕೋಟಿ ಬರುತ್ತೆ, ಪಕ್ಕದಲ್ಲಿ ನಿಂತು ನೋಡೋನು ನಾನು. ನಿನಗೆ ಹೊಟ್ಟೆಕಿಚ್ಚು ಅನ್ನಿಸ್ಬಹುದು.

ಮೂಡಲವ: ಅನ್ನಿಸಿತ್ತು.

ಪಡುವಲವ: ತಪ್ಪಿಲ್ಲ ಬಿಡು, ಇತ್ತು.

(ಅನಂತಪುರದಲ್ಲಿ ಊಟ. ಊಟವೆಂದರೆ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ನೆನೆದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಹುರಿಗಡಲೆ ಪುಡಿಯ ಒಗ್ಗರಣೆ. ಬಳ್ಳಾರಿಯಲ್ಲಿ 1953ರ ಗಡಿಯನ್ನು ಲೆಕ್ಕಿಸದೆ ಇದನ್ನೇ ತಿನ್ನುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವನು ಮೂರು ಬಜ್ಜಿ ತಿಂದ. ಇನ್ನೊಬ್ಬ ತಟ್ಟೆ ಎಳೆದುಕೊಂಡು ನಾಲ್ಕನೆಯದನ್ನು ತಾನು ತಿಂದ. ಅನಂತಪುರ ಬಿಟ್ಟು ಉರವಕೊಂಡದ ದಾರಿ ಹಿಡಿದರೆ ಗಾಡಿಗಳು ಕಡಿಮೆ, ನೆಲ ಕಪ್ಪು, ಗುಡ್ಡಗಳ ತುಂಬ ಗಾಳಿಯಂತ್ರಗಳು.)

ಮೂಡಲವ: ಜಕ್ಕೂರಿನ ವಿಮಾನ ನೆನಪಿದೆಯಾ?

ಪಡುವಲವ: ನೆನಪಿಲ್ದೆ ಏನು. ಗೌರ್ಮೆಂಟ್ ಫ್ಲೈಯಿಂಗ್ ಸ್ಕೂಲ್. ನಿಮ್ಮ ಹೊಲದ ಮೇಲೆ ಹಾರಿದ್ರೆ ಪೈಲಟ್ ಮೀಸೆ ಕಾಣೋದು. ನಮ್ಮ ಕಡೆ ಬೇಲಿಯಾಚೆ ಜಿಕೆವಿಕೆ, ಕೃಷಿ ಮೇಳಕ್ಕೆ ನೀನು ನಮ್ಮನೆಗೆ ಬರೋದು, ವಿಮಾನಕ್ಕೆ ನಾನು ನಿಮ್ಮನೆಗೆ ಬರೋದು. ನಿನಗೆ ಹುಲ್ಲಿನ ಬೀಜದ ಪ್ಯಾಕೆಟ್ಟು, ನನಗೆ ವಿಮಾನ. ನನಗೇ ಲಾಭ.

ಮೂಡಲವ: ಮೇಲ್ಸೇತುವೆ ಬಂದಾಗ ಆ ವಿಮಾನಕ್ಕೂ ಅದು ಅಡ್ಡ ಆಯ್ತು ಅಂತ ತಕರಾರು ಎದ್ದಿತ್ತು ಗೊತ್ತಾ? ಇಳಿಯೋ ದಾರಿಗೆ ರೋಡು ಎತ್ತರ ಆಯ್ತಂತೆ.

ಪಡುವಲವ: ನೀನು ಮತ್ತೆ ರೋಡಿಗೇ ಬಂದೆ.

ಮೂಡಲವ: ಹಟ ಅಂದೆಯಲ್ಲ, ಒಪ್ಪಿದೆ. ನಿನಗಿದ್ದಷ್ಟೇ ನನಗೂ ಇತ್ತು. ಆದ್ರೆ ಹಟ ಎಷ್ಟು ದಿನ ಇರುತ್ತೆ? ದಿನಾ ಬೆಳಗ್ಗೆ ಹಾಲಿನ ಡೈರಿ ಮುಂದೆ ನಿನ್ನ ಮುಖ ನೋಡಬೇಕಾಗಿದ್ರೆ ವರ್ಷದೊಳಗೆ ಬೈದಿರ್ತಿದ್ದೆ. ಬೈದಿದ್ರೆ ನೀನು ಅಗ್ರಿಮೆಂಟ್ ದಿನದ ವಿಷಯ ಆಗಲೇ ಹೇಳಿರ್ತಿದ್ದೆ. ನಾನು ಮನೆಗೆ ಹೋಗಿ ಅಪ್ಪನ್ನ ಕೇಳಿರ್ತಿದ್ದೆ. ಅಪ್ಪ ಆಗ ಇನ್ನೂ ಇದ್ದ.

ಪಡುವಲವ: ಕೇಳಿದ್ರೆ ಏನಂತಿದ್ರೋ.

ಮೂಡಲವ: ಗೊತ್ತಿಲ್ಲ. ಕೇಳೋಕೆ ಆಗ್ತಿತ್ತು ಅಂತಷ್ಟೇ ಹೇಳ್ತಿದೀನಿ.

(ಬಳ್ಳಾರಿಯ ಗುಡ್ಡ ದೂರದಿಂದಲೇ ಕಂಡಿತು. ಬೋಳು ಬಂಡೆ, ಮೇಲೆ ಕೋಟೆ. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿ ಕಟ್ಟಿಸಿದ್ದು.)

ಪಡುವಲವ: ಹೈದರಾಲಿಗೆ ಕೋಟೆ ಕಟ್ಟಿಕೊಟ್ಟ ಫ್ರೆಂಚ್ ಇಂಜಿನಿಯರ್ ಕತೆ ಗೊತ್ತಾ? ಕೋಟೆ ಎಲ್ಲ ಮುಗಿದ ಮೇಲೆ ನೋಡ್ತಾರಂತೆ, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಮುಗೀತು. ಇಂಜಿನಿಯರನ್ನ ಬಾಗಿಲಲ್ಲೇ ನೇಣಿಗೆ ಹಾಕಿಸಿದನಂತೆ.

ಮೂಡಲವ: ಕಟ್ಟೋಕೆ ಮುಂಚೆ ಪಕ್ಕದ ಗುಡ್ಡ ಯಾರಿಗೂ ಕಾಣಲಿಲ್ವಂತಾ?

ಪಡುವಲವ: ಜನ ಹೇಳೋದು. ನಾನೇನು ನಿಂತು ನೋಡಿದ್ನಾ?

ಮೂಡಲವ: ಮುಯ್ಯಿ ಎಷ್ಟು ಬರೆಸ್ತೀಯ?

ಪಡುವಲವ: ಐದು ಸಾವಿರ ಅಂದ್ಕೊಂಡಿದೀನಿ. ನೀನು?

ಮೂಡಲವ: ನಾನು ಹತ್ತು ತಂದಿದೀನಿ. ಹಂಗಾದ್ರೆ ಐದೇ ಬರೆಸ್ತೀನಿ. ಕೇಳು, ಮನೇಲಿ ಅಪ್ಪನ ಟ್ರಂಕಿದೆ. ಕಂದಾಯದ ರಸೀತಿ, ಇ.ಸಿ., ಆ ಅಗ್ರಿಮೆಂಟು ಎಲ್ಲಾ ಅದರಲ್ಲೇ ಕಟ್ಟಿಟ್ಟಿದಾನೆ. ಅವತ್ತಿಂದ ನಾನು ಬಿಚ್ಚಿಲ್ಲ. ಭಾನುವಾರ ಬಿಚ್ಚೋಣ. ಸಾಕ್ಷಿ ಯಾರು ಯಾರು ರುಜು ಹಾಕಿದಾರೆ ನೋಡೋಣ. ಅವರಲ್ಲಿ ಯಾರಾದ್ರೂ ಬದುಕಿದ್ರೆ ಕೇಳೋಣ. ನೀನು ಹೇಳಿದ್ದು ಸುಳ್ಳು ಅಂತಾದ್ರೆ ಅಲ್ಲೇ ಜಗಳ.

ಪಡುವಲವ: ನಿಜ ಅಂತಾದ್ರೆ?

ಮೂಡಲವ: ನಿಜ ಅಂತಾದ್ರೆ ನೀನು ನಮ್ಮಪ್ಪನ ಸಮಾಧಿಗೆ ಬಂದು, ಮಣ್ಣಿಗೆ ಬರದೇ ಇದ್ದದ್ದಕ್ಕೆ ನನ್ನ ಹತ್ತಿರ ಇನ್ನೊಂದು ಸಲ ಬೈಸಿಕೊಳ್ಳಬೇಕು.

ಪಡುವಲವ: ಎರಡರಲ್ಲೂ ಬೈಸಿಕೊಳ್ಳೋನು ನಾನೇ ಆಯ್ತಲ್ಲೋ!

ಮೂಡಲವ: ಹತ್ತು ಗಂಟೆ ಒಳಗೆ ಬಾ. ತಿಂಡಿ ನಮ್ಮನೇಲೇ. ಕಾರ್ ತರಬೇಡ, ಯೂಟರ್ನಿಗೇ ಅರ್ಧ ಗಂಟೆ ಹೋಗುತ್ತೆ. ಸ್ಕೈವಾಕ್ ಹತ್ತಿ ಬಾ.

ಪಡುವಲವ: ಸ್ಟೆಂಟ್ ಇಟ್ಕೊಂಡು ನಾನು ಹತ್ತಬೇಕು, ಮಂಡಿ ನೋವಿಗೆ ನೀನು ಕೂತಿರ್ತೀಯ. ಲಿಫ್ಟ್ ಕೆಲಸ ಮಾಡ್ತಾ ಇದೆಯಾ?

ಮೂಡಲವ: ಶನಿವಾರ ನೋಡಿ ಹೇಳ್ತೀನಿ. ನಿನ್ನ ನಂಬರ್ ಕೊಡು.